ಸಂವರ ಬೇರೆ, ನಿರ್ಜರೆ ಬೇರೆ

ಸಕ್ಕರೆ ಪ್ರೋಟೀನಿಗೆ ಅಂಟಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ದೇಹದ ಹೆಚ್ಚಿನ ಕೆಲಸಗಳಿಗೆ ಒಂದೊಂದು ಕಿಣ್ವ ಬೇಕು, ಇದಕ್ಕೆ ಅದೂ ಬೇಡ. ರಕ್ತದಲ್ಲಿ ಗ್ಲೂಕೋಸ್ ಎಷ್ಟಿದೆ, ಎಷ್ಟು ಕಾಲ ಇದೆ ಎಂಬುದಷ್ಟೇ ಲೆಕ್ಕ. ಬಯೋಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಇದನ್ನು ಲ್ಯಾಬಿನಲ್ಲಿ ತೋರಿಸುತ್ತಿದ್ದೆ. ರಾಳದ ಪುಡಿ ತುಂಬಿದ ಗಾಜಿನ ಕೊಳವೆಗೆ ಒಡೆದ ಕೆಂಪು ರಕ್ತಕಣಗಳ ದ್ರವ ಹನಿಸಿ ಬಫರ್ ಸುರಿದರೆ, ಸಕ್ಕರೆ ಹತ್ತಿದ ಹಿಮೋಗ್ಲೋಬಿನ್ ಮೊದಲು ಕೆಳಗಿಳಿಯುತ್ತದೆ. ಉಳಿದದ್ದು ಮೇಲೆ ಕಡುಗೆಂಪು ಪಟ್ಟಿಯಾಗಿ ಕೂತಿರುತ್ತದೆ. ಕೆಳಗೆ ಬಂದ ಆ ತೆಳುಗೆಂಪು ನೀರನ್ನು ಅಳೆದರೆ ಸಿಗುವುದೇ ಈಗ ಎಲ್ಲರ ಬಾಯಲ್ಲಿರುವ ‘ಮೂರು ತಿಂಗಳ ಶುಗರ್’, ಎಚ್‌ಬಿಎ1ಸಿ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಕಣ ಹೋದಾಗ ಅಂಟಿದ್ದೂ ಹೋಗುತ್ತದೆ. ರಕ್ತನಾಳದ ಗೋಡೆಯ ಕೊಲಾಜೆನ್ ಹಾಗಲ್ಲ, ವರ್ಷಗಟ್ಟಲೆ ಇರುತ್ತದೆ. ಅದಕ್ಕೆ ಹತ್ತಿದ್ದೂ ಇರುತ್ತದೆ.

ಕಾರ್ಕಳದ ಸುತ್ತಿನ ನಮ್ಮ ಜೈನರ ಮನೆಗಳಲ್ಲಿ ಕಾಯಿಲೆ ಅಂದ ಕೂಡಲೇ ಕರ್ಮದ ಮಾತು ಬರುತ್ತದೆ. ದಶಲಕ್ಷಣ ಪರ್ವದಲ್ಲಿ ಬಸದಿಯ ಜಗಲಿಯಲ್ಲಿ ಸ್ವಾಧ್ಯಾಯಕ್ಕೆ ಕೂತರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, “ಟೀಚರ್, ಈ ಶುಗರ್ ಯಾವ ಕರ್ಮದ್ದು?” ನಾನು ಬಾಯಿ ತೆರೆಯುವ ಮೊದಲೇ ಪಕ್ಕದವರು “ಅಸಾತಾ ವೇದನೀಯ” ಎಂದು ತೀರ್ಪು ಕೊಟ್ಟಿರುತ್ತಾರೆ. ಸುಖದುಃಖ ಉಣಿಸುವ ಈ ವೇದನೀಯ ಕರ್ಮಕ್ಕೆ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿರುವ ಹೋಲಿಕೆ ಜೇನು ಸವರಿದ ಖಡ್ಗ. ನೆಕ್ಕಿದರೆ ಸಿಹಿ, ಜೊತೆಗೇ ನಾಲಗೆಗೆ ಗಾಯ. ಸಕ್ಕರೆ ಕಾಯಿಲೆಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಎಲ್ಲರೂ ನಗುತ್ತಾರೆ. ಆ ನಗುವಿನ ಹಿಂದೆ ‘ತಿಂದಿದ್ದಾನೆ, ಅನುಭವಿಸಲಿ’ ಎಂಬ ಧ್ವನಿ ಇರುತ್ತದಲ್ಲ, ನನ್ನ ತಕರಾರು ಅದರ ಮೇಲೆ.

ನಮ್ಮ ಶಾಸ್ತ್ರದಲ್ಲಿ ಕರ್ಮ ಎಂದರೆ ಶಿಕ್ಷೆಯಲ್ಲ. ಅಲ್ಲಿ ನ್ಯಾಯಾಧೀಶನೇ ಇಲ್ಲ. ಕರ್ಮ ಪುದ್ಗಲ, ಅಂದರೆ ಜಡವಸ್ತು. ಅದು ಒಳಗೆ ಹರಿದು ಬರುವುದು ಆಸ್ರವ, ಅಂಟುವುದು ಬಂಧ, ಹರಿವನ್ನು ತಡೆಯುವುದು ಸಂವರ, ಅಂಟಿದ್ದು ಉದುರುವುದು ನಿರ್ಜರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಓದುವಾಗ ನನಗೆ ರಕ್ತನಾಳದ ಒಳಮೈ ಕಣ್ಣೆದುರು ಬರುವುದು ಇದಕ್ಕೇ. ನಾಳದ ಒಳಗೆ ಒಂದೇ ಪದರವಾಗಿ ಹಾಸಿಕೊಂಡಿರುವ ಎಂಡೋಥೀಲಿಯಂ ಕೋಶಗಳಿಗೆ ಒಂದು ಕಷ್ಟವಿದೆ. ಹೊರಗೆ ಸಕ್ಕರೆ ಹೆಚ್ಚಾದರೆ ದೇಹದ ಬಹುಪಾಲು ಕೋಶಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ಇವಕ್ಕೆ ಅದು ಸಾಧ್ಯವಿಲ್ಲ, ಇನ್ಸುಲಿನ್ನಿನ ಅಪ್ಪಣೆಗೂ ಇವು ಕಾಯುವುದಿಲ್ಲ. ರಕ್ತದಲ್ಲಿ ಏರಿದಷ್ಟೂ ಒಳಗೂ ಏರುತ್ತದೆ.

ಒಳಗೆ ಹೋದ ಮೇಲೆ ಆಗುವುದನ್ನು ನ್ಯೂಯಾರ್ಕಿನ ಮೈಕೆಲ್ ಬ್ರೌನ್ಲೀ 2001ರಲ್ಲಿ ಒಂದೇ ಎಳೆಯಲ್ಲಿ ಕಟ್ಟಿ ತೋರಿಸಿದರು. ಮಿತಿಮೀರಿದ ಗ್ಲೂಕೋಸನ್ನು ಉರಿಸುವಾಗ ಮೈಟೊಕಾಂಡ್ರಿಯಾದಿಂದ ಸೂಪರ್ಆಕ್ಸೈಡ್ ಹೊರಬೀಳುತ್ತದೆ. ಅದು ಡಿಎನ್ಎಗೆ ಹಾನಿ ಮಾಡುತ್ತದೆ, ಗ್ಲೂಕೋಸ್ ಸಾಗುವ ನೇರ ದಾರಿಯ ಒಂದು ಕಿಣ್ವವನ್ನು ಕುಗ್ಗಿಸುತ್ತದೆ. ಮುಂದೆ ಹೋಗಲಾಗದೆ ತುಂಬಿಕೊಂಡದ್ದು ಅಡ್ಡದಾರಿಗಳಿಗೆ ನುಗ್ಗುತ್ತದೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಗೋಡೆ ಜಿನುಗುತ್ತದೆ, ಬಿಳಿಕಣಗಳು ಅಲ್ಲಿ ಹತ್ತಿಕೊಳ್ಳುತ್ತವೆ. ಕಣ್ಣಿನ ಡಾಕ್ಟರು ಇದೇ ಕಾಯಿಲೆಯ ನನ್ನ ಸೋದರತ್ತೆಯ ಅಕ್ಷಿಪಟಲದ ಚಿತ್ರ ತೋರಿಸಿದಾಗ ಕಿತ್ತಳೆ ಬಣ್ಣದ ನೆಲದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದವು, ನಡುವೆ ಅಲ್ಲಲ್ಲಿ ಹಳದಿ ಕಲೆ. ಚುಕ್ಕೆಗಳು ಉಬ್ಬಿದ ಲೋಮನಾಳಗಳು, ಹಳದಿಯದು ಜಿನುಗಿ ನಿಂತ ಕೊಬ್ಬು.

ಅತ್ತೆ ಕೇಳಿದ್ದು ನ್ಯಾಯವಾದ ಪ್ರಶ್ನೆ: “ಈಗ ಎರಡು ವರ್ಷದಿಂದ ಶುಗರ್ ಕಂಟ್ರೋಲಿನಲ್ಲಿದೆಯಲ್ಲ, ಮತ್ತೆ ಕಣ್ಣು ಯಾಕೆ ಹೋಗುತ್ತಿದೆ?” ಇದಕ್ಕೆ ಉತ್ತರ ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಅಧ್ಯಯನದಲ್ಲಿದೆ. ಟೈಪ್ 1 ಸಕ್ಕರೆ ಕಾಯಿಲೆ ಇದ್ದ 1,441 ಮಂದಿಯಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿ 7ರ ಆಸುಪಾಸಿನಲ್ಲಿತ್ತು, ಇನ್ನೊಂದರದು 9ರ ಆಸುಪಾಸಿನಲ್ಲಿ. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪು ಸುಮಾರು 8ಕ್ಕೆ ಬಂದು ಸೇರಿದವು. ಅಂಕಿ ಒಂದೇ ಆಯಿತು, ಹಣೆಬರಹ ಒಂದಾಗಲಿಲ್ಲ. ಮೊದಲು ಹೆಚ್ಚಿದ್ದವರ ಕಣ್ಣು, ಮೂತ್ರಪಿಂಡಗಳು ಮುಂದೆಯೂ ವರ್ಷಗಳ ಕಾಲ ಹೆಚ್ಚು ಕೆಟ್ಟವು. ಮೆಟಬಾಲಿಕ್ ಮೆಮೊರಿ ಎಂದು ಅದಕ್ಕೆ ಹೆಸರಿಟ್ಟರು. ಸಂವರವಾಯಿತು, ನಿರ್ಜರೆ ಆಗಲಿಲ್ಲ ಎಂದು ನಾನು ಅತ್ತೆಗೆ ಹೇಳಿದೆ. ಅವರಿಗೆ ಡಾಕ್ಟರ ಮಾತಿಗಿಂತ ಇದು ಬೇಗ ಅರ್ಥವಾಯಿತು.

ಅರ್ಥವಾದದ್ದೇ ತೊಂದರೆಯೂ ಆಯಿತು. ನಿರ್ಜರೆಗೆ ತಪಸ್ಸು ದಾರಿ ಎಂದು ಉಪವಾಸಕ್ಕೆ ಹೊರಟರು. ಸೂರ್ಯ ಮುಳುಗಿದ ಮೇಲೆ ನೀರೂ ಮುಟ್ಟದ ಹೆಂಗಸು, ಸಂಜೆ ಇನ್ಸುಲಿನ್ ಬೇರೆ. ಒಂದು ದಿನ ಬೆಳಗಿನ ಜಾವ ಬೆವರಿ ನಡುಗುತ್ತಿದ್ದರು. ಸಕ್ಕರೆ ನೀರು ತಂದರೆ ಲೋಟವನ್ನು ಕೈಯಿಂದ ತಳ್ಳಿ, “ಇನ್ನೂ ಸೂರ್ಯೋದಯ ಆಗಿಲ್ಲ” ಎಂದು ಬಾಯಿ ಬಿಗಿಹಿಡಿದರು. ಗಲ್ಲ ಹಿಡಿದು ಚಮಚದಲ್ಲಿ ಹಾಕಬೇಕಾಯಿತು. ಶಕ್ತಿಗೆ ತಕ್ಕಷ್ಟು ತ್ಯಾಗ, ಶಕ್ತಿಗೆ ತಕ್ಕಷ್ಟು ತಪಸ್ಸು ಎಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ ಎಂದು ಆಮೇಲೆ ವಾದಿಸಿದೆ. ವೈದ್ಯರೂ ಇದನ್ನು ಕಷ್ಟಪಟ್ಟೇ ಕಲಿತರು. ಹೃದಯದ ಅಪಾಯವಿದ್ದ ಟೈಪ್ 2 ರೋಗಿಗಳ ಎಚ್‌ಬಿಎ1ಸಿಯನ್ನು 6ರ ಕೆಳಗೆ ಇಳಿಸಲು ಹೊರಟಿದ್ದ ಅಕಾರ್ಡ್ ಅಧ್ಯಯನದಲ್ಲಿ ಹಾಗೆ ಇಳಿಸಹೊರಟ ಗುಂಪಿನಲ್ಲೇ ಸಾವು ಹೆಚ್ಚಾಗಿ, 2008ರ ಫೆಬ್ರುವರಿಯಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಿದರು. “ಸೂತ್ರವನ್ನು ನಿನಗೆ ಬೇಕಾದ ಹಾಗೆ ಓದುತ್ತೀಯ” ಎಂದು ಅತ್ತೆ ಗೊಣಗಿದರು. ಆದರೂ ಡಾಕ್ಟರನ್ನು ಕೇಳಿ ಸಂಜೆಯ ಡೋಸ್ ಕಡಿಮೆ ಮಾಡಿಸಿಕೊಂಡರು.

ಇಷ್ಟರ ಮಟ್ಟಿಗೆ ಕರ್ಮಸಿದ್ಧಾಂತ ನನಗೆ ಉಪಯೋಗಕ್ಕೆ ಬರುತ್ತದೆ. ಅದರಾಚೆಗೆ ಹೋಲಿಕೆ ನಿಲ್ಲುವುದಿಲ್ಲ. ಕರ್ಮ ಅಂಟಿ ನಿಲ್ಲಬೇಕಾದರೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳ ಜಿಗುಟು ಬೇಕು. ಕಷಾಯವಿಲ್ಲದವನಿಗೆ ಬಂದ ಕರ್ಮ ಬಂದ ಹಾಗೇ ಹೋಗುತ್ತದೆ ಎಂದು ಶಾಸ್ತ್ರ. ಸಕ್ಕರೆಗೆ ಆ ಜಿಗುಟು ಬೇಕಿಲ್ಲ. ಮುನಿಯ ರಕ್ತದಲ್ಲಿದ್ದರೂ ಅಂಟುತ್ತದೆ. ರುಚಿ ಕಂಡದ್ದು ನಾಲಗೆ, ಕೆಟ್ಟದ್ದು ಕಣ್ಣಿನ ನಾಳ. ಆ ಕೋಶ ಯಾವ ಲೋಭ ಮಾಡಿತ್ತು? ಪೂರ್ವಭವದ್ದು ಎನ್ನುತ್ತಾರೆ. ಇನ್ನೊಬ್ಬರ ಪೂರ್ವಭವ ಕಾಣಲು ಅವಧಿಜ್ಞಾನವಾದರೂ ಬೇಕು. ಜಗಲಿಯಲ್ಲಿ ಕೂತ ನಮ್ಮಲ್ಲಿ ಅದು ಯಾರಿಗೂ ಇಲ್ಲ.

ಕಳೆದ ಪರ್ವದಲ್ಲಿ ಒಬ್ಬ ತಾಯಿ ಬಂದಿದ್ದಳು. ಮಗಳಿಗೆ ಒಂಬತ್ತು ವರ್ಷ, ಟೈಪ್ 1. “ಅಕ್ಕ, ಇವಳು ಯಾರಿಗೆ ಏನು ಮಾಡಿದ್ದಳು?” ಎಂದಳು. ಶಾಸ್ತ್ರದ ಉತ್ತರ ನನಗೆ ಬಾಯಿಪಾಠವಿದೆ. ಹೇಳಲಿಲ್ಲ, ಹೇಳುವುದೂ ಇಲ್ಲ. ಮಗುವಿನ ಮೈಯ ರಕ್ಷಣೆಯ ಪಡೆಯೇ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಂದಿದೆ, ಇದರಲ್ಲಿ ನೀನು ಕೊಟ್ಟ ಲಾಡಿನದೂ ತಪ್ಪಿಲ್ಲ, ಮಗುವಿನದೂ ಇಲ್ಲ ಎಂದೆ. ಡಿಸಿಸಿಟಿಯ ಕಥೆಯನ್ನು ಅವಳಿಗೆ ತಿರುಗಿಸಿ ಹೇಳಿದೆ: ಆಗಿನ ಕೆಡುಕು ಉಳಿದ ಹಾಗೆ ಆಗಿನ ಒಳಿತೂ ಉಳಿದಿತ್ತು, ಆದ್ದರಿಂದ ಈಗಿನ ವರ್ಷಗಳೇ ಮುಖ್ಯ. ಕಣ್ಣಿನ ತಪಾಸಣೆ ಯಾವಾಗಿನಿಂದ ಎಂದು ಕೇಳಿದಳು. ಕಾಯಿಲೆ ಶುರುವಾಗಿ ಮೂರರಿಂದ ಐದು ವರ್ಷದೊಳಗೆ, ಮಗುವಿಗೆ ಹನ್ನೊಂದು ತುಂಬಿದ ಮೇಲೆ ಎಂದು ಹೇಳಿದೆ. ಪಂಚಾಂಗದ ಹಿಂದಿನ ಪುಟದಲ್ಲಿ ಬರೆದುಕೊಂಡಳು.