ಕಡ್ಡಾಯದ ಓದು: ವ್ರತವೋ, ದಂಡವೋ?

ವಿದ್ಯೆಯನ್ನು ಬಲವಂತದಿಂದ ಕೊಡಬಹುದೇ ಎಂಬುದು ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಹಳೆಯ ಪ್ರಶ್ನೆ. ಅಮೆರಿಕದ ಕಾಲೇಜುಗಳಲ್ಲಿರುವ ಒಂದು ಪದ್ಧತಿಯನ್ನು ನೋಡಿದರೆ ಈ ಪ್ರಶ್ನೆಯ ತೊಡಕು ಚೆನ್ನಾಗಿ ತಿಳಿಯುತ್ತದೆ. ಅಲ್ಲಿಯ ವಿದ್ಯಾರ್ಥಿನಿಯರು ಕಟ್ಟಿಕೊಂಡಿರುವ ಸಂಘಗಳಿಗೆ ‘ಸೊರೊರಿಟಿ’ ಎಂದು ಹೆಸರು. ಸೋದರಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಮಾತಿದು, ಸೋದರೀಸಂಘವೆಂದರೆ ಸಲ್ಲುತ್ತದೆ. ಇಂತಹ ಅನೇಕ ಸಂಘಗಳಲ್ಲಿ ಹೊಸದಾಗಿ ಸೇರಿದವಳು ವಾರಕ್ಕೆ ಇಂತಿಷ್ಟು ಗಂಟೆ ಗ್ರಂಥಾಲಯದಲ್ಲಿಯೋ ಸಂಘದ ಮನೆಯಲ್ಲಿಯೋ ಕುಳಿತು ಓದಲೇಬೇಕು. ಬಂದ ಹೊತ್ತನ್ನೂ ಹೋದ ಹೊತ್ತನ್ನೂ ಬರೆದಿಡಬೇಕು. ಪರೀಕ್ಷೆಯ ಸರಾಸರಿ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದವಳಿಗೆ ಈ ಗಂಟೆಗಳು ಹೆಚ್ಚುವುದೂ ಉಂಟು.

ಓದಿನ ಮೇಲಣ ಈ ಆಗ್ರಹಕ್ಕೆ ಗೌರವದ ಚರಿತ್ರೆಯೊಂದಿದೆ. ಇಂಡಿಯಾನ ಪ್ರಾಂತದ ಆಸ್ಬರಿ ಕಾಲೇಜು 1867ರಲ್ಲಿ ಮೊದಲ ಬಾರಿಗೆ ಸ್ತ್ರೀಯರನ್ನು ಸೇರಿಸಿಕೊಂಡಿತು. 1870ರಲ್ಲಿ ಅಲ್ಲಿಯ ನಾಲ್ವರು ವಿದ್ಯಾರ್ಥಿನಿಯರು ಕಪ್ಪಾ ಆಲ್ಫಾ ಥೀಟಾ ಸಂಘವನ್ನು ಸ್ಥಾಪಿಸಿದರು. ಪುರುಷರಂತೆ ಓದಿದರೆ ಹೆಣ್ಣುಮಕ್ಕಳ ಆರೋಗ್ಯ ಕೆಡುವುದೆಂದು ಎಡ್ವರ್ಡ್ ಕ್ಲಾರ್ಕ್ ಎಂಬ ವೈದ್ಯನು 1873ರಲ್ಲಿ ಗ್ರಂಥವನ್ನೇ ಬರೆದ ಕಾಲವದು. 1908ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸಂಘವನ್ನು ಕಟ್ಟಿದ ಕರಿಯ ವಿದ್ಯಾರ್ಥಿನಿಯರು ಹೆಣ್ಣೆಂಬ ತಾತ್ಸಾರದೊಡನೆ ವರ್ಣದ ತಾತ್ಸಾರವನ್ನೂ ಎದುರಿಸಬೇಕಾಗಿತ್ತು. ಇಂಥವರಿಗೆ ಒಬ್ಬಳ ಸೋಲು ಒಬ್ಬಳದಾಗಿಯೇ ಉಳಿಯುತ್ತಿರಲಿಲ್ಲ. ಲೋಕವು ಅದನ್ನು ಎಲ್ಲರ ತಲೆಗೂ ಕಟ್ಟುತ್ತಿತ್ತು.

ಆದರೂ ಹೊತ್ತುಕೊಂಡು ಹೋದ ನಾಯಿ ಮೊಲ ಹಿಡಿದೀತೇ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಗಡಿಯಾರವು ಕುಳಿತ ಹೊತ್ತನ್ನು ಅಳೆಯಬಲ್ಲುದೇ ಹೊರತು ಓದಿದ ಓದನ್ನಲ್ಲ. ಅವಳು ಸ್ವಇಚ್ಛೆಯಿಂದಲೇ ಸಂಘವನ್ನು ಸೇರಿದಳು, ಆದುದರಿಂದ ಇದು ತಾನೇ ಕೈಗೊಂಡ ವ್ರತವೆಂದು ಕೆಲವರು ಸಮರ್ಥಿಸುವರು. ಮಾತು ಸೊಗಸಾಗಿದೆ. ಆದರೆ ವ್ರತವನ್ನು ವಿಧಿಸಿದವರೂ ಅದನ್ನು ಆಚರಿಸಬೇಡವೇ? ಹೊಸಬಳು ಮತ್ತು ಹಿಂದುಳಿದವಳು ಮಾತ್ರ ಕುಳಿತು, ಹಿರಿಯರು ಹಾಜರಿಯನ್ನಷ್ಟೇ ನೋಡುವುದಾದರೆ ವ್ರತವು ದಂಡವಾಗುತ್ತದೆ. ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಪ್ರತಿಯೊಂದು ಸಂಘದ ಸರಾಸರಿ ಅಂಕವನ್ನೂ ಪ್ರಕಟಿಸುವ ರೂಢಿಯಿದೆ. ಆಗ ಅವಳ ಓದು ಅವಳ ಜ್ಞಾನಕ್ಕಾಗಿಯೋ, ಸಂಘದ ಕೀರ್ತಿಗಾಗಿಯೋ ಎಂಬ ಸಂಶಯ ಏಳುತ್ತದೆ. ಸಂಘದ ಸಭೆ, ಸಮಾರಂಭಗಳೇ ಅವಳ ಸಂಜೆಗಳನ್ನು ನುಂಗಿದ ಮೇಲೆ ಉಳಿದ ಗಂಟೆಗಳ ಲೆಕ್ಕವನ್ನು ಅವಳಿಂದಲೇ ಕೇಳುವುದು ನ್ಯಾಯವಲ್ಲ.

ಹಾಗಾದರೆ ಕಡ್ಡಾಯವೆಲ್ಲವೂ ತ್ಯಾಜ್ಯವೇ? ಅಲ್ಲ. ಬಲವಂತವು ಏಕಾಗ್ರತೆಯನ್ನು ಕೊಡಲಾರದು. ಏಕಾಗ್ರತೆಗೆ ಬೇಕಾದ ಬಿಡುವನ್ನು ಕಾಯಬಲ್ಲುದು. ಸಂಘದ ಮನೆಗಳಲ್ಲಿ ಮೌನದ ಹೊತ್ತೆಂಬ ಇನ್ನೊಂದು ನಿಯಮವೂ ಸಾಮಾನ್ಯ. ಅದು ಓದುವವಳ ಮನಸ್ಸನ್ನು ಕಟ್ಟುವುದಿಲ್ಲ. ಸುತ್ತಲಿನವರ ನಾಲಗೆಯನ್ನು ಕಟ್ಟುತ್ತದೆ. ಗೆಳತಿಯರು ಕರೆದಾಗ ಒಲ್ಲೆನೆನ್ನಲು ಸಂಕೋಚಪಡುವ ಹುಡುಗಿಗೆ ‘ನನಗೆ ಓದಿನ ಹೊತ್ತಿದೆ’ ಎಂಬ ಮಾತು ಆಸರೆಯಾಗುತ್ತದೆ. ಯಾರ ಮನಸ್ಸನ್ನೂ ನೋಯಿಸದೆ ಅವಳು ತನ್ನ ಪುಸ್ತಕಕ್ಕೆ ಮರಳಬಹುದು. ಆದಕಾರಣ ಓದಿನ ಗಂಟೆಯಲ್ಲಿ ಕಡ್ಡಾಯವಾಗಬೇಕಾದುದು ಮುಖ್ಯವಾಗಿ ಇತರರ ಕರ್ತವ್ಯ: ಅವಳನ್ನು ಕರೆಯದಿರುವುದು, ತಿಳಿಯದುದನ್ನು ಪಕ್ಕದಲ್ಲಿ ಕುಳಿತು ತಿಳಿಸುವುದು, ತಾವೂ ಓದುವುದು.

‘ಓದು, ಓದು’ ಎಂದು ಮಗಳನ್ನು ಗದರಿಸುತ್ತ, ಗಳಿಗೆಗೊಮ್ಮೆ ಮನೆಗೆಲಸಕ್ಕೆ ಕೂಗುವ ಸಂಸಾರಗಳು ನಮ್ಮಲ್ಲಿಯೂ ಇವೆ. ಅಲ್ಲಿ ನಿಯಮ ಬೇಕಾದುದು ಯಾರಿಗೆಂಬುದನ್ನು ಉಪಾಧ್ಯಾಯ ಬಂಧುಗಳು ವಿಚಾರಮಾಡಬೇಕು.