ಹೂವಿನ ಚೆಲುವು, ಚಿತ್ರದ ಚೆಲುವು

ದಾಸವಾಳವನ್ನು ತೀರಾ ಹತ್ತಿರದಿಂದ ತೆಗೆದ ಚಿತ್ರವನ್ನು ಹೊಸ ಛಾಯಾಗ್ರಾಹಕರು ತೋರಿಸಿದಾಗ ಸಾಮಾನ್ಯವಾಗಿ ಸಿಗುವ ಉತ್ತರ ‘ತುಂಬಾ ಚೆನ್ನಾಗಿದೆ’ ಎಂಬುದು. ಆ ಮೆಚ್ಚುಗೆ ಹೂವಿಗೆ ಸಂದದ್ದೋ ಚಿತ್ರಕ್ಕೋ? ಇಮ್ಯಾನ್ಯುಯೆಲ್ ಕಾಂಟ್ 1790ರಲ್ಲಿ ಹೊರತಂದ ತನ್ನ ಮೂರನೆಯ ವಿಮರ್ಶಾಗ್ರಂಥದಲ್ಲಿ ಈ ಎರಡನ್ನು ಬೇರ್ಪಡಿಸಿದ್ದಾನೆ: ನಿಸರ್ಗದಲ್ಲಿ ವಸ್ತುವೇ ಚೆಲುವಾದದ್ದು, ಕಲೆಯಲ್ಲಿ ವಸ್ತುವಿನ ನಿರೂಪಣೆ ಚೆಲುವಾದದ್ದು. ಹೂವು ಅವನ ಪ್ರಕಾರ ಸ್ವತಂತ್ರ ಸೌಂದರ್ಯಕ್ಕೆ ಉದಾಹರಣೆ. ಅದು ಗಿಡದ ಸಂತಾನೋತ್ಪತ್ತಿಯ ಅಂಗವೆಂದು ಬಲ್ಲ ಸಸ್ಯಶಾಸ್ತ್ರಜ್ಞ ಕೂಡ ಅದರ ಚೆಲುವನ್ನು ಸವಿಯುವಾಗ ಆ ತಿಳಿವಳಿಕೆಯನ್ನು ಲೆಕ್ಕಕ್ಕೆ ತರುವುದಿಲ್ಲ.

ಹೂವು ತಾನಾಗಿಯೇ ಮನ ಸೆಳೆಯುವುದರಿಂದ ಅದರ ಚಿತ್ರದ ದೋಷ ಸುಲಭವಾಗಿ ಮರೆಯಾಗುತ್ತದೆ. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಮೂಡುವ ಆಳ ಕಿರಿದಾಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ವಸ್ತುವಿನ ನಿಜಗಾತ್ರಕ್ಕೆ ಎಫ್/8ರಲ್ಲಿ ತೆಗೆದರೆ ಆ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಅಪರ್ಚರ್ ಕಿರಿದು ಮಾಡಿದರೆ ಆಳ ಹೆಚ್ಚುತ್ತದೆ. ತೀರಾ ಕಿರಿದಾದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ದಾಸವಾಳದ ಕೇಸರದಂಡ ದಳಗಳಿಂದ ಬಹಳ ಮುಂದೆ ಚಾಚಿಕೊಂಡಿರುವುದರಿಂದ, ದಳದ ನರಗಳ ಮೇಲೆ ಫೋಕಸ್ ಕೂತರೆ ತುದಿಯ ಐದು ಶಲಾಕಾಗ್ರಗಳು ಮಸುಕಾಗುತ್ತವೆ. ‘ನೋಟ ಮೊದಲು ಆ ತುದಿಗೆ ಹೋಗುತ್ತದೆ, ಅಲ್ಲಿ ನಿಲ್ಲಲು ಏನೂ ಸಿಗುವುದಿಲ್ಲ’ ಎಂದು ಹೇಳುವುದು ನಿಜವಾದ ವಿಮರ್ಶೆ. ಬರಿಯ ಹೊಗಳಿಕೆಗಿಂತ ಕಲಿಯುವವರ ಮೇಲೆ ಇದಕ್ಕೇ ಹೆಚ್ಚು ಅಕ್ಕರೆ.

ಆದರೂ ಇಂಥ ಕಾರಣಗಳು ಚಿತ್ರ ಚೆಲುವಾಗಿದೆ ಅಥವಾ ಇಲ್ಲ ಎಂಬುದನ್ನು ಸಾಧಿಸಿ ತೋರಿಸಲಾರವು. ಚೆಲುವಿನ ತೀರ್ಪಿಗೆ ನಿಯಮದ ಪ್ರಮಾಣವಿಲ್ಲ. ಆದರೂ ಆ ತೀರ್ಪು ಎಲ್ಲರ ಒಪ್ಪಿಗೆಯನ್ನು ಬೇಡುತ್ತದೆ ಎನ್ನುತ್ತಾನೆ ಕಾಂಟ್. ಇದಕ್ಕೆ ಅವನು ತರುವ ಉದಾಹರಣೆ ಒಬ್ಬ ಎಳೆಯ ಕವಿಯದು. ಓದುಗರೂ ಗೆಳೆಯರೂ ಏನೇ ಅಂದರೂ ಆತ ತನ್ನ ಪದ್ಯ ಚೆಲುವಾಗಿದೆ ಎಂಬ ನಂಬಿಕೆಯನ್ನು ಬಿಡುವುದಿಲ್ಲ. ಅಭ್ಯಾಸದಿಂದ ವಿವೇಚನೆ ಹರಿತವಾದ ಮೇಲೆ ತಾನೇ ಮನಸಾರೆ ಬಿಡುತ್ತಾನೆ. ಬೇರೆಯವರ ಅಭಿಪ್ರಾಯಕ್ಕೆ ಮಣಿದು ಬಿಟ್ಟಿದ್ದರೆ ಅದು ಅಭಿರುಚಿಯ ತೀರ್ಪು ಆಗುತ್ತಲೇ ಇರಲಿಲ್ಲ. ಹಾಗಾದರೆ ವಿಮರ್ಶಕರ ಕೆಲಸ ತೀರ್ಪು ಕೊಡುವುದಲ್ಲ, ಎಲ್ಲಿ ನೋಡಬೇಕೆಂದು ತೋರಿಸುವುದು. ಕಾಣುವ ಕೆಲಸ ಕಲಿಯುವವರದೇ.

ಕಾಶ್ಮೀರದ ಅಭಿನವಗುಪ್ತ ಈ ಅಭ್ಯಾಸವನ್ನು ನೋಡುವವರ ಕಡೆಯಿಂದ ವಿವರಿಸಿದ್ದಾನೆ. ಕಾವ್ಯವನ್ನು ಮತ್ತೆ ಮತ್ತೆ ಅನುಶೀಲನ ಮಾಡಿ ಮನಸ್ಸೆಂಬ ಕನ್ನಡಿ ತಿಳಿಯಾದವನೇ ಅವನ ಸಹೃದಯ. ಛಾಯಾಚಿತ್ರಕ್ಕೂ ಇದು ಸಲ್ಲುತ್ತದೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಗಿಡಗಳ ಮೊಗ್ಗು, ಕಾಂಡ, ಸುರುಳಿಗಳನ್ನು ಹಲವು ಪಟ್ಟು ಹಿಗ್ಗಿಸಿ, ಬರಿಯ ಹಿನ್ನೆಲೆಯಲ್ಲಿ ತೆಗೆದ ಚಿತ್ರಗಳ ಪುಸ್ತಕ 1928ರಲ್ಲಿ ಬಂತು. ಅವುಗಳಲ್ಲಿ ಬಣ್ಣದ ಆಕರ್ಷಣೆ ಇಲ್ಲ. ಆಕಾರವೊಂದೇ ಚಿತ್ರವನ್ನು ಎತ್ತಿ ನಿಲ್ಲಿಸುತ್ತದೆ. ಅವುಗಳ ಪಕ್ಕದಲ್ಲಿ ತಮ್ಮ ಚಿತ್ರವನ್ನಿಟ್ಟು ನೋಡಿದವರಿಗೆ ಹೂವಿನಿಂದ ಬಂದದ್ದೆಷ್ಟು, ತಮ್ಮಿಂದ ಬಂದದ್ದೆಷ್ಟು ಎಂಬುದು ಬೇಗ ಹೊಳೆಯುತ್ತದೆ.

ಅಭ್ಯಾಸ ಮತ್ತು ಹೋಲಿಕೆ ಎರಡನ್ನೂ ಡೇವಿಡ್ ಹ್ಯೂಮ್ 1757ರ ತನ್ನ ಪ್ರಬಂಧದಲ್ಲಿ ಉತ್ತಮ ವಿಮರ್ಶಕನ ಲಕ್ಷಣಗಳಲ್ಲಿ ಸೇರಿಸಿದ್ದಾನೆ, ಪೂರ್ವಗ್ರಹವಿಲ್ಲದಿರುವುದೂ ಅವುಗಳಲ್ಲೊಂದು. ಆದರೆ ಮನೋಧರ್ಮದಿಂದಲೂ ಕಾಲದೇಶಗಳ ರೂಢಿಯಿಂದಲೂ ಹುಟ್ಟುವ ಕೆಲವು ಭೇದಗಳು ಉಳಿದೇ ಉಳಿಯುತ್ತವೆ ಎಂದು ಅವನೇ ಒಪ್ಪುತ್ತಾನೆ. ಕಪ್ಪು ಹಿನ್ನೆಲೆಯೋ ಎಲೆಗಳ ಹಸಿರೋ ಎಂಬ ಆಯ್ಕೆ ಈ ಜಾತಿಯದು. ಇಲ್ಲಿ ವಿಮರ್ಶಕರು ತಮ್ಮ ಒಲವನ್ನು ಒಲವೆಂದೇ ಹೇಳಬೇಕು. ಮಸುಕಾದ ತುದಿಯ ಜೊತೆಗೆ ಅದನ್ನೂ ದೋಷಗಳ ಪಟ್ಟಿಗೆ ಸೇರಿಸಿದರೆ ಕಲಿಯುವವರಿಗೆ ಎರಡರ ವ್ಯತ್ಯಾಸವೇ ತಿಳಿಯದೆ ಹೋಗುತ್ತದೆ.