ಯಾರ ಕಣ್ಣಿನ ನೀಲಿ?

ಗೋಡೆಗೆ ಯಾವ ನೀಲಿ ಬಳಿಯಬೇಕೆಂಬುದೂ ಧರ್ಮಾಧರ್ಮದ ಪ್ರಶ್ನೆಯೇ ಎಂದು ಯಾರಾದರೂ ಕೇಳಿದರೆ ಅಚ್ಚರಿಯಿಲ್ಲ. ಕೊಲೆ, ಕಳವು, ಸುಳ್ಳು ಇವುಗಳ ವಿಷಯದಲ್ಲಿ ವಿವೇಚನೆ ನಡೆಯಬೇಕು. ತಿಳಿನೀಲಿಯೋ ಕಡುನೀಲಿಯೋ ಎಂಬುದು ಕೇವಲ ಅಭಿರುಚಿಯ ಮಾತು ಎಂಬುದು ವಾಡಿಕೆಯ ತಿಳಿವಳಿಕೆ. ಆದರೆ ಮನುಷ್ಯನ ಆಯುಷ್ಯದ ಬಹುಭಾಗ ಕಳೆಯುವುದು ಇಂತಹ ಸಣ್ಣ ಆಯ್ಕೆಗಳಲ್ಲಿಯೇ. ದೊಡ್ಡ ಪಾಪಕ್ಕೆ ಅಂಜುವವನೂ ಸಣ್ಣ ಆಯ್ಕೆಯಲ್ಲಿ ಎಚ್ಚರ ತಪ್ಪುವುದುಂಟು.

ಮಡಿಕೇರಿಯ ಒಂದು ಮನೆಯನ್ನು ಭಾವಿಸಬಹುದು. ತಾಯಿಗೆ ಎಪ್ಪತ್ತೈದು ದಾಟಿದೆ. ಕಣ್ಣಿಗೆ ಪೊರೆ ಬಂದಿದೆ. ಆಕೆಯ ಕೋಣೆಗೆ ಹೊಸದಾಗಿ ಬಣ್ಣ ಹಚ್ಚಬೇಕಾಗಿದೆ. ಹಿಂದೆ ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ಬಳಿದರೆ ಕೆಲಸ ಮುಗಿಯುತ್ತಿತ್ತು. ಈಗ ಅಂಗಡಿಯ ಶೇಡ್ ಕಾರ್ಡಿನಲ್ಲಿ ಹತ್ತಾರು ನೀಲಿಗಳು. ಮಗ ನವಿಲುಗೊರಳಿನ ಕಡುನೀಲಿಯನ್ನು ಮೆಚ್ಚಿದ್ದಾನೆ, ಸೊಸೆ ಆಕಾಶದ ತಿಳಿನೀಲಿಯನ್ನು. ಚರ್ಚೆ ಬೆಳೆದಾಗ ಮಗ ಹೇಳುತ್ತಾನೆ: “ಅಮ್ಮನಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಅವರನ್ನು ಕೇಳಿ ಏನು ಪ್ರಯೋಜನ?”

ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ನೀಲಿಯ ಛಾಯೆಗಳು ಮಸುಕಾಗಿ ಒಂದರೊಳಗೊಂದು ಬೆರೆಯುತ್ತವೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಳಿಕ ಲೋಕವೆಲ್ಲ ಅತಿಯಾಗಿ ನೀಲಿಯಾಗಿ ಕಾಣುತ್ತದೆಂದು ದೂರಿದನು. ಬಣ್ಣಗಳಲ್ಲಿ ನಿಪುಣನಾದವನ ಕಣ್ಣಿಗೇ ಹೀಗಾದ ಮೇಲೆ, ವಸ್ತುವಿನ ಬಣ್ಣ ನೋಡುವವರ ಅಪೇಕ್ಷೆಯಿಂದ ಬೇರೆಯಾಗುತ್ತದೆಂಬುದರಲ್ಲಿ ಸಂದೇಹವೇನು?

ಆದರೆ ಮಗನ ನಿರ್ಣಯ ಅವನ ಆಧಾರಕ್ಕಿಂತ ಮುಂದೆ ಹೋಗಿದೆ. ತಾಯಿಗೆ ಎರಡು ನೀಲಿಗಳ ಅಂತರ ಕಾಣದಿರಬಹುದು. ಬೆಳಕು ಕತ್ತಲೆಗಳ ಅಂತರ ಕಾಣದೆ ಇರದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ; ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ದಿನಗಳಲ್ಲಿ ಮಂಜು ಕಿಟಕಿಯವರೆಗೂ ಬರುತ್ತದೆ. ಗೋಡೆ ಒಣಗಿರಬೇಕೆಂದು ಬಣ್ಣದ ಕೆಲಸವನ್ನು ಮಳೆಯಿಲ್ಲದ ತಿಂಗಳುಗಳಿಗೆ ಇಟ್ಟುಕೊಳ್ಳುತ್ತಾರೆ. ಹೀಗೆ ಆಯ್ಕೆ ನಡೆಯುವುದು ಫೆಬ್ರವರಿಯ ಬಿಸಿಲಿನಲ್ಲಿ, ಬಾಳಬೇಕಾದದ್ದು ಜುಲೈ ತಿಂಗಳ ಮಬ್ಬಿನಲ್ಲಿ. ಆರಿಸುವವರು ಕೋಣೆಗೆ ಬಂದು ಹೋಗುವವರು. ಇಡೀ ದಿನ ಅಲ್ಲಿ ಕುಳಿತಿರುವವರು ಬೇರೊಬ್ಬರು. ಕಡುನೀಲಿಯ ಗೋಡೆಯ ಮುಂದೆ ಕಪ್ಪು ಮರದ ಮಂಚದ ಅಂಚು ಆ ಕಣ್ಣಿಗೆ ಕಾಣದೆ ಹೋದರೆ ಮೊಣಕಾಲಿಗೆ ಪೆಟ್ಟಾಗುವುದು ಅಭಿರುಚಿಯ ಮಾತಲ್ಲ.

ಜೈನಾಚಾರ್ಯರು ಆತ್ಮದ ಪರಿಣಾಮಗಳನ್ನು ಆರು ಲೇಶ್ಯೆಗಳೆಂದು ವಿಭಾಗಿಸಿ, ಕೃಷ್ಣಲೇಶ್ಯೆಯ ನಂತರ ನೀಲಲೇಶ್ಯೆಯನ್ನು ಇರಿಸಿದರು. ಇದರಿಂದ ನೀಲಿ ಗೋಡೆ ಅಶುಭವೆಂದು ತಿಳಿಯಬೇಕಿಲ್ಲ; ಅಲ್ಲಿ ಬಣ್ಣ ಭಾವದ ಗುರುತು ಮಾತ್ರ. ಹಸಿದ ಆರು ಮಂದಿ ಹಣ್ಣಿನ ಮರವನ್ನು ಕಂಡ ದೃಷ್ಟಾಂತ ಎಲ್ಲರಿಗೂ ಪರಿಚಿತ. ಒಬ್ಬನು ಮರವನ್ನೇ ಬುಡಸಹಿತ ಕೀಳಬಯಸುತ್ತಾನೆ, ಕೊನೆಯವನು ಉದುರಿದ ಹಣ್ಣುಗಳನ್ನಷ್ಟೇ ಆಯ್ದುಕೊಳ್ಳುತ್ತಾನೆ. ಹಸಿವು ಒಂದೇ, ಮರಕ್ಕೆ ಆಗುವ ಪೀಡೆ ಬೇರೆ. ಹಾಗೆಯೇ ಕೋಣೆಯನ್ನು ಚೆಂದಗಾಣಿಸುವ ಆಸೆ ಮಗನಿಗೂ ಸೊಸೆಗೂ ಸಮಾನ. ಆ ಆಸೆ ಮತ್ತೊಬ್ಬರ ಮೇಲೆ ಎಷ್ಟು ಭಾರ ಹೊರಿಸುತ್ತದೆ ಎಂಬುದರಲ್ಲಿ ಭೇದವಿದೆ.

ಹಾಗಾದರೆ ತಾಯಿಯನ್ನು ಕೇಳಿಬಿಟ್ಟರೆ ಸಾಕೇ? ಕೇಳಿದರೆ ಆಕೆ “ನಿಮಗೆ ಇಷ್ಟವಾದದ್ದೇ ಆಗಲಿ” ಎನ್ನುವುದು ಬಹುತೇಕ ಖಚಿತ. ಆ ಮಾತಿನಲ್ಲಿ ವಾತ್ಸಲ್ಯವಿರಬಹುದು. ತನ್ನ ಮಾತಿಗೆ ಇನ್ನು ಬೆಲೆಯಿಲ್ಲವೆಂಬ ಸೋಲೂ ಇರಬಹುದು. ಅದನ್ನು ಒಪ್ಪಿಗೆಯೆಂದು ಬರೆದುಕೊಂಡು ಅಂಗಡಿಗೆ ಓಡುವವನು ಕೇಳಿದಂತೆ ಮಾಡಿದನಲ್ಲದೆ ಕೇಳಲಿಲ್ಲ. ಆಕೆ ಉತ್ತರಿಸಬಲ್ಲ ಪ್ರಶ್ನೆಯನ್ನು ಕೇಳಬೇಕು. ಎರಡು ಬಣ್ಣಗಳನ್ನೂ ಗೋಡೆಯ ಮೇಲೆ ಒಂದೊಂದು ಮೊಳದಷ್ಟು ಬಳಿದು, ಮುಸ್ಸಂಜೆಯಲ್ಲಿ ಆಕೆಯ ಪಕ್ಕ ಕುಳಿತು, “ಅಮ್ಮಾ, ದೀಪದ ಸ್ವಿಚ್ಚು ಯಾವುದರ ಮೇಲೆ ಚೆನ್ನಾಗಿ ಕಾಣುತ್ತದೆ?” ಎಂದು ಕೇಳಿದರೆ ನಿಜವಾದ ಉತ್ತರ ದೊರೆಯುತ್ತದೆ.

ಮಗನ ಅಭಿರುಚಿಗೆ ಸ್ಥಾನವೇ ಇಲ್ಲವೆಂದಲ್ಲ. ಮುಂದೆ ಪೊರೆ ತೆಗೆಸಿದರೆ ತಾಯಿಯೇ ಕಡುನೀಲಿಯನ್ನು ಮೆಚ್ಚಬಹುದು. ಆಗ ಮತ್ತೆ ಕೇಳಬೇಕು. ಅನೇಕಾಂತವೆಂದರೆ ಎಲ್ಲರ ಅಭಿಪ್ರಾಯವೂ ಸರಿಯೆಂದು ತಲೆಯಾಡಿಸುವುದಲ್ಲ. ಮತ್ತೊಬ್ಬರು ನೋಡುವ ಜಾಗಕ್ಕೆ ಹೋಗಿ ಒಂದು ಗಳಿಗೆ ಕುಳಿತುಬರುವ ಶ್ರಮ. ಆ ಶ್ರಮ ಮಾಡಿದವರ ಮನೆಯಲ್ಲಿ ಗೋಡೆ ಯಾವ ನೀಲಿಯಾದರೂ ತಾಯಿ ತಡವರಿಸದೆ ದೀಪ ಹಚ್ಚಿಕೊಳ್ಳುತ್ತಾಳೆ.